ಹೆಸರು ಬರೆಸೋಕೆ ಜಾಗ ಇಲ್ಲದ ದಾನ

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಬರೆದರಾದರೂ ಇಳಿಯುತ್ತದೇನೋ.

ಒಬ್ಬ ಹುಡುಗಿ ಪಾರ್ಕಿನ್ಸನ್ಸ್ ಅನ್ನುವ, ಕೈಕಾಲು ನಡುಗಿ ಬಿಗಿಯಾಗುವ ರೋಗದ ಸಂಶೋಧನೆಗೆ ದೇಣಿಗೆ ಕೇಳುತ್ತಿದ್ದಳು. ಹಿರಿಯರೊಬ್ಬರು ಎಲ್ಲರೆದುರೇ ಕೇಳಿದರು, "ಇದರಿಂದ ಎಷ್ಟು ಜನಕ್ಕೆ ವಾಸಿಯಾಗಿದೆಯಮ್ಮ? ಬೇಕಾದ್ರೆ ಗಾಲಿಕುರ್ಚಿ ಕೊಡಿಸ್ತೀನಿ. ಹಿಂದುಗಡೆ ನಮ್ಮ ತಂದೆ ಹೆಸರು ಬರೆಸಿ." ಸುತ್ತ ಇದ್ದವರೆಲ್ಲ ಹೌದೌದು ಅಂದರು. ಹುಡುಗಿ ರಸೀದಿ ಪುಸ್ತಕ ಮುಚ್ಚಿಟ್ಟಳು.

ಗಾಲಿಕುರ್ಚಿ ಬೇಡ ಅನ್ನುತ್ತಿಲ್ಲ. ಆದರೆ ಲ್ಯಾಬಿನ ಗಾಜಿನ ತಟ್ಟೆಗೆ ಹೆಸರು ಬರೆಸೋಕಾಗಲ್ಲ, ಅದೇ ಸಮಸ್ಯೆ ಅಲ್ವಾ?

ನಮ್ಮ ಅಪ್ಪನಿಗೂ ಇದೇ ರೋಗ. ಬೆಳಗ್ಗೆ ಲೆವೊಡೋಪಾ ಮಾತ್ರೆ ನುಂಗಿ, ಅದು ಹತ್ತುವವರೆಗೂ ಮಂಚದ ಅಂಚಿನಲ್ಲಿ ಸುಮ್ನೆ ಕೂತಿರುತ್ತಾರೆ. ಅಂಗಿಯ ಮೇಲಿನ ಗುಂಡಿ ಬೆರಳಿಗೆ ಸಿಗುವುದಿಲ್ಲ. ನಾನು ಹಾಕಲು ಹೋದರೆ ಕೈ ತಳ್ಳುತ್ತಾರೆ. ಆ ಔಷಧ 1960ರ ದಶಕದ್ದು. ಇವತ್ತಿಗೂ ಮುಖ್ಯವಾಗಿ ಅದೇ ಗತಿ. ಮಿದುಳಿನಲ್ಲಿ ಡೋಪಮೈನ್ (ಕೈಕಾಲು ಸರಿಯಾಗಿ ಆಡೋಕೆ ಬೇಕಾದ ರಾಸಾಯನಿಕ) ತಯಾರಿಸುವ ಕೋಶಗಳು ಸಾಯುತ್ತಲೇ ಇರುತ್ತವೆ. ಮಾತ್ರೆ ಡೋಪಮೈನ್ ಕೊರತೆ ತುಂಬುತ್ತದೆ, ಕೋಶ ಸಾಯುವುದನ್ನು ತಡೆಯುವುದಿಲ್ಲ. ತಡೆಯುವುದು ಹೇಗೆ ಅಂತ ಹುಡುಕೋಕೇ ಸ್ವಾಮಿ ಆ ಹುಡುಗಿ ದುಡ್ಡು ಕೇಳಿದ್ದು!

ನಟ ಮೈಕಲ್ ಜೆ. ಫಾಕ್ಸ್ ತನಗೇ ಈ ರೋಗ ಬಂದ ಮೇಲೆ 2000ದಲ್ಲಿ ಪ್ರತಿಷ್ಠಾನ ಕಟ್ಟಿದರು. ಬೆನ್ನುಹುರಿಯ ದ್ರವದಲ್ಲಿ ಈ ರೋಗದಲ್ಲಿ ಆಕಾರ ಕೆಟ್ಟುಹೋಗುವ ಆಲ್ಫಾ ಸಿನ್ಯೂಕ್ಲಿನ್ ಅನ್ನುವ ಪ್ರೋಟೀನನ್ನು ಪತ್ತೆ ಮಾಡಬಹುದು ಅಂತ ಅವರ ಹಣದಲ್ಲಿ ನಡೆದ ದೊಡ್ಡ ಅಧ್ಯಯನ ತೋರಿಸಿದ್ದು 2023ರಲ್ಲಿ. ಇಪ್ಪತ್ಮೂರು ವರ್ಷ. ದಾನ ಕೊಟ್ಟ ಒಂದು ಫೋಟೊಗೆ ಅಷ್ಟು ದಿನ ಯಾರು ಕಾಯುತ್ತಾರೆ?

"ಔಷಧ ಕಂಪನಿಗಳು ನೋಡ್ಕೊಳ್ಳಲಿ" ಅನ್ನುವವರೂ ಇದ್ದಾರೆ. ನೋಡ್ಕೋತಾರೆ, ಲಾಭ ಇದ್ದರೆ. ಆಂಬ್ರೋಕ್ಸಾಲ್ ಅಂತ ಹಳೇ ಕೆಮ್ಮಿನ ಔಷಧ ಇದೆಯಲ್ಲ, ಅದನ್ನು ಈಗ ಪಾರ್ಕಿನ್ಸನ್ಸ್‌ಗೆ ಪರೀಕ್ಷಿಸುತ್ತಿದ್ದಾರೆ. ಪೇಟೆಂಟ್ ಮುಗಿದ ಔಷಧದ ಮೇಲೆ ಯಾವ ಕಂಪನಿ ದುಡ್ಡು ಸುರಿಯುತ್ತದೆ? ಬ್ರಿಟನ್ನಿನಲ್ಲಿ ಅದರ ಬೆನ್ನಿಗೆ ನಿಂತಿದ್ದು ಕ್ಯೂರ್ ಪಾರ್ಕಿನ್ಸನ್ಸ್ ಅನ್ನುವ ದಾನಸಂಸ್ಥೆ. ಇಂಥ ಪರೀಕ್ಷೆ ಕೈಕೊಡಲೂಬಹುದು. ಎಕ್ಸೆನಟೈಡ್ ಅನ್ನುವ ಮಧುಮೇಹದ ಔಷಧದ ಮೇಲೆ ಎಲ್ಲರಿಗೂ ಆಸೆಯಿತ್ತು, ದೊಡ್ಡ ಪರೀಕ್ಷೆಯಲ್ಲಿ ಉಪಯೋಗ ಕಾಣಲಿಲ್ಲ. ಆ ಹಿರಿಯರಿಗೆ ಇದು ಗೊತ್ತಾದರೆ "ಹೋಯ್ತಲ್ಲ ದುಡ್ಡು" ಅನ್ನುತ್ತಾರೆ. ಆ ದಾರಿ ಮುಚ್ಚಿದೆ ಅಂತ ಗೊತ್ತಾಗೋಕೂ ಯಾರೋ ದುಡ್ಡು ಕೊಡಬೇಕಿತ್ತು.

ಬೈದಿದ್ದು ಜಾಸ್ತಿಯಾಯಿತು. ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಈ ರೋಗದಿಂದ ಅಪ್ಪನ ಅಕ್ಷರ ಇರುವೆ ಗಾತ್ರಕ್ಕೆ ಇಳಿಯುವ ಮುಂಚೆ ಇಂಥದ್ದೇ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಚಿಲ್ಲರೆ ಇಲ್ಲಪ್ಪ ಅಂದಿದ್ದೆ. ಇತ್ತು.

ಇವತ್ತು ಆ ಹುಡುಗಿಯಿಂದ ರಸೀದಿ ಪುಸ್ತಕ ತೆಗೆಸಿದೆ. "ಯಾರ ಹೆಸರಿಗೆ ಬರೀಲಿ?" ಅಂದಳು. ಬಾಯಿಗೆ ಬಂದಿದ್ದು ಅಪ್ಪನ ಹೆಸರೇ.