ಮೂರು ಒಂಬತ್ತು

"ಕೊಡಿ ಇಲ್ಲಿ ತಾತ" ಎಂದಳು ಮೊಮ್ಮಗಳು. ಕೊಟ್ಟೆ. ಟಪಟಪ ಅಂತ ಏನೋ ಒತ್ತಿ, "ಆಯ್ತು" ಎಂದು ಫೋನ್ ವಾಪಸ್ ಕೊಟ್ಟಳು. ಮೊಮ್ಮಕ್ಕಳು ಅಜ್ಜಂದಿರಿಗೆ ಮೊಬೈಲ್ ಕಲಿಸುವುದು ಅಂದರೆ ಇದೇ. ನನ್ನ ಮೇಷ್ಟ್ರು ಹೀಗೆ ಸ್ಲೇಟು ಕಿತ್ತುಕೊಂಡು ತಾವೇ ಬರೆದುಕೊಟ್ಟಿದ್ದರೆ ನಾನು ಇವತ್ತಿಗೂ ಎರಡರ ಮಗ್ಗಿಯಲ್ಲೇ ಕೂತಿರುತ್ತಿದ್ದೆ.

ಜಗಳ ಹತ್ತಿದ್ದು ಅರ್ಕಾವೊತ್ತಿನಿಂದ. ಷಡ್ಡಕನ ಗೃಹಪ್ರವೇಶಕ್ಕೆ ಹೋಗಿ ಬಂದವನು ಮನೆಮಂದಿಯ ಗ್ರೂಪಿಗೆ "ಕಾಯ೯ಕ್ರಮ ಅಥ೯ಪೂಣ೯ವಾಗಿತ್ತು" ಎಂದು ಹಾಕಿದ್ದೆ. ಅರ್ಕಾವೊತ್ತಿಗಾಗಿ ಕೀಲಿಮಣೆಯೆಲ್ಲ ಜಾಲಾಡಿ, ಕೊನೆಗೆ ಅಂಕಿಗಳ ನಡುವೆ ಕಂಡುಹಿಡಿದಿದ್ದೆ. ಅದೇ ಸುರುಳಿ, ಅದೇ ಬಾಲ. ಒಳಗೊಳಗೇ ಹೆಮ್ಮೆ ಬೇರೆ.

ಇವಳು ಏಳನೇ ಕ್ಲಾಸು. ಸುಮ್ನೆ ಇರದೆ ಅದನ್ನು ಫೋನಿನ ಕೈಲೇ ಓದಿಸಿದಳು. ಅದು ಗಂಭೀರವಾಗಿ, "ಕಾಯ ಒಂಬತ್ತು ಕ್ರಮ, ಅಥ ಒಂಬತ್ತು ಪೂಣ ಒಂಬತ್ತು ವಾಗಿತ್ತು" ಎಂದಿತು. ಹುಡುಗಿ ಸೋಫಾದಿಂದ ಕೆಳಗೆ ಬಿದ್ದು ನಕ್ಕಳು. ನಗುವಂಥದ್ದು ಏನಿದೆ? ಊರಿನ ಅರ್ಧ ಬ್ಯಾನರ್‌ಗಳಲ್ಲಿ "ಹಾದಿ೯ಕ ಸ್ವಾಗತ" ಅಂತಲೇ ಇರುತ್ತೆ, ಅಲ್ವಾ?

"ಮೊದಲು ರ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ಯ" ಎಂದಳು. ರ ಮೊದಲಾ? ಅರವತ್ತು ವರ್ಷದಿಂದ ನಾನು ಯ ಬರೆದು, ಅದರ ಪಕ್ಕದಲ್ಲಿ ಅರ್ಕಾವೊತ್ತು ಎಳೆದಿದ್ದೇನೆ.

"ಬಾಯಲ್ಲಿ ಯಾವುದು ಮೊದಲು ಬರುತ್ತೆ ತಾತ?"

ಕಾರ್... ಯ. ಹೌದಲ್ಲ! ಇಷ್ಟು ವರ್ಷ ಬಾಯಿ ಒಂದು ದಾರಿ, ಕೈ ಇನ್ನೊಂದು ದಾರಿ ಹಿಡಿದಿದ್ದವು. ನನಗೆ ಗೊತ್ತೇ ಆಗಿರಲಿಲ್ಲ. ಕಂಪ್ಯೂಟರು, ಫೋನುಗಳು ಅಕ್ಷರ ಗುರುತಿಸಲು ಬಳಸುವ ಯೂನಿಕೋಡ್ ಎಂಬ ಪಟ್ಟಿಗೆ ಕನ್ನಡ ಸೇರಿದ್ದು 1991ರಲ್ಲಿ. ಅಲ್ಲಿ ಅಕ್ಷರ ಕೂಡಿಸುವುದು ಬಾಯಿಯ ಕ್ರಮದಲ್ಲಿ. ನನ್ನ ೯ ಅಲ್ಲಿ ಬರೀ ಅಂಕಿ. ಫೋನಿನಲ್ಲಿ "ಕಾರ್ಯಕ್ರಮ" ಅಂತ ಹುಡುಕಿದರೆ ನನ್ನ ಮೆಸೇಜು ಸಿಗುವುದೂ ಇಲ್ಲವಂತೆ. ಒಪ್ಪಿಕೊಳ್ಳಬಹುದಿತ್ತು. ಬದಲಿಗೆ, "ದೊಡ್ಡವರ ಮುಂದೆ ಹಾಗೆಲ್ಲ ನಗಬಾರದು" ಎಂದು ಗದರಿದೆ.

ಅವಳು ಪಾಪ, "ಹಾಗಾದ್ರೆ ಯಾಕೆ ತಾತ ಆಮೇಲೆ ಬರೀತೀವಿ?" ಎಂದು ಕೇಳಿದಳು. ಉತ್ತರ ಗೊತ್ತಿರಲಿಲ್ಲ. ಮಾತು ತಿರುಗಿಸಲು, "ಒಂಬತ್ತು ಅಂತ ಫೋನು ಹೇಳಿತು, ಸರಿ. ನಿನಗೆ ಕನ್ನಡ ಅಂಕಿ ಬರುತ್ತಾ?" ಎಂದೆ. ಬರುತ್ತಿರಲಿಲ್ಲ! ಅವಳ ಶಾಲೆಯಲ್ಲಿ ಎಲ್ಲ 1, 2, 3. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯಲು ಕೂರಿಸಿದೆ. ಐದರವರೆಗೆ ಸರಾಗ. ಆರು ಅಂದರೆ ೯ ಬರೆದಳು. ತಿದ್ದಿದೆ. ಒಂಬತ್ತು ಅಂದರೆ ೬ ಬರೆದಳು. ಮತ್ತೆ ತಿದ್ದಿದೆ. ಮೂರನೇ ಸಲವೂ ಅದೇ.

"ಕೊಡು ಇಲ್ಲಿ" ಎಂದು ಪೆನ್ನು ಕಿತ್ತುಕೊಂಡು, ಒಂಬತ್ತನ್ನೂ ನಾನೇ ಬರೆದುಕೊಟ್ಟೆ.