ರೀಮ್ಯಾಪ್ ಆಮೇಲೆ, ಮೊದಲು ಕೂಲಿಂಗ್ ನೋಡಿ

ಹಳೇ ಬಿಎಂಡಬ್ಲ್ಯು ಇ46 (3 ಸರಣಿಯ ಹಳೇ ಮಾದರಿ) ತಗೊಂಡ ಕೂಡಲೇ ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವ ಕೆಲಸ, ಮಾಡಿಸಿ ಅಂತ ಹಳೇ ಕಾರನ್ನು ಟ್ರ್ಯಾಕ್‌ಗೆ ಸಜ್ಜು ಮಾಡುವ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿದೆ, ನಾನು ಒಪ್ಪುವುದಿಲ್ಲ. ನಮ್ಮ ಪುಣೆಯ ಬೇಸಿಗೆಯಲ್ಲಿ ಆಟೋಕ್ರಾಸ್‌ಗೆ (ಕೋನ್‌ಗಳ ನಡುವೆ ಸಮಯದ ವಿರುದ್ಧ ಓಡಿಸುವ ಸ್ಪರ್ಧೆ) ಇಳಿದರೆ ಮೊದಲು ಕೈಕೊಡುವುದು ಕೂಲಿಂಗ್. ಆ ಕಾರಿನ ಎಕ್ಸ್‌ಪಾನ್ಶನ್ ಟ್ಯಾಂಕ್ (ಕೂಲೆಂಟ್ ಡಬ್ಬಿ), ಥರ್ಮೋಸ್ಟಾಟ್ (ಕೂಲೆಂಟ್ ಹರಿವು ನಿಯಂತ್ರಿಸುವ ವಾಲ್ವ್) ಹೌಸಿಂಗ್ ಎಲ್ಲ ಪ್ಲಾಸ್ಟಿಕ್, ವರ್ಷಗಟ್ಟಲೆ ಬಿಸಿ ತಿಂದು ಒಂದು ದಿನ ಸೀಳಿಬಿಡುತ್ತವೆ, ಎಂಜಿನ್ ಕಾದು ಅದರ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾದರೆ ರೀಮ್ಯಾಪ್ ದುಡ್ಡಿಗಿಂತ ಜಾಸ್ತಿ ಖರ್ಚು. ವಾಟರ್ ಪಂಪ್ ಜೊತೆ ಇವನ್ನೆಲ್ಲ ಒಂದೇ ಸಲ ಬದಲಿಸಿ.

ಆಮೇಲೆ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ, ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಶನ್ ಹೊರುವ ಚೌಕಟ್ಟು) ಬಾಡಿಗೆ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಇ46ಗೆ ಅಲ್ಲಿ ತಗಡು ಬಿರುಕು ಬಿಡುವ ಕಾಯಿಲೆ ಇದೆ, ಗಟ್ಟಿ ಬುಶ್ (ಜೋಡಣೆಯ ನಡುವಿನ ರಬ್ಬರ್ ಭಾಗ), ಒಳ್ಳೆ ಹಿಡಿತದ ಟೈರ್ ಹಾಕಿದರೆ ಇನ್ನೂ ಬೇಗ. ಬಿರುಕು ಕಂಡರೆ ಪ್ಲೇಟ್ ವೆಲ್ಡ್ ಮಾಡಿಸದೆ ಓಡಿಸಲೇಬೇಡಿ, ದಯವಿಟ್ಟು.

ಆ ಲೇಖನದಲ್ಲಿ ಬ್ರೇಕ್ ಆಯಿಲ್ ಬಗ್ಗೆ ಒಂದು ಸಾಲೂ ಇಲ್ಲವಲ್ಲ! ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು, ನೀರಿನಂಶ ಎಳೆದುಕೊಂಡರೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದಿಯಿತೋ, ಪೆಡಲ್ ಸೀದಾ ನೆಲಕ್ಕೆ, ಬ್ರೇಕ್ ಹಿಡಿಯುವುದಿಲ್ಲ. ಮುಂಬೈ, ಗೋವಾದವರು ಮಳೆಗಾಲ ಮುಗಿದ ಮೇಲೆ ಬದಲಿಸಿಯೇ ಟ್ರ್ಯಾಕ್‌ಗೆ ಬನ್ನಿ.

ಹೊಸಬರು ನಮ್ಮ ಪುಣೆ ಹತ್ತಿರದ ಚಾಕಣ್‌ನಲ್ಲೇ ತಯಾರಾದ ಫೋಕ್ಸ್‌ವ್ಯಾಗನ್ ಪೊಲೊದಿಂದ ಶುರು ಮಾಡಬಹುದು, ಸ್ಪೇರ್ ಇಲ್ಲಿ ಸುಲಭ.