ಮೂರನೇ ಬೋರಿಗೆ ಯಾರಾದರೂ ಬೇಡ ಅನ್ನಬೇಕಿತ್ತು

ಕೊಪ್ಪಳದ ನಮ್ಮ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಬ್ಬ ಹುಡುಗ ವಿಡಿಯೊ ಹಾಕಿದ್ದ. ಜರ್ಮನಿಯ ಮ್ಯೂನಿಕ್ ಪಕ್ಕದ ಉಂಟರ್‌ಹಾಖಿಂಗ್ ಅನ್ನೋ ಊರಿನದು. ನಮ್ಮ ಗಂಗಾವತಿಗಿಂತ ಎಷ್ಟೋ ಸಣ್ಣದು. ಅಲ್ಲಿನ ಪುರಸಭೆ 2004ರಲ್ಲಿ ನೆಲ ಕೊರೆಸಿತು, 3,350 ಮೀಟರ್, ಅಂದರೆ ಹತ್ತಿರ ಹತ್ತಿರ 11,000 ಅಡಿ. 122 ಡಿಗ್ರಿಯ ನೀರು ಸಿಕ್ಕಿತು. 2007ರಿಂದ ಆ ಬಿಸಿ ಪೈಪಿನಲ್ಲಿ ಮನೆಮನೆಗೆ ಹೋಗುತ್ತಿದೆ. ಆರಿದ ನೀರನ್ನು ಇನ್ನೊಂದು ಬಾವಿಯಿಂದ ಮತ್ತೆ ನೆಲಕ್ಕೇ ಇಳಿಸುತ್ತಾರೆ. 2009ರಿಂದ ಕೆಲವು ವರ್ಷ ಅದರಲ್ಲೇ ಕರೆಂಟನ್ನೂ ತೆಗೆದರು.

"ನಮ್ಮ ನಗರಸಭೆ ಯಾಕ ಮಾಡಬಾರದ್ರಿ?" ಅಂತ ಹುಡುಗ ಕೇಳಿದ್ದ. ಪ್ರಶ್ನೆ ಒಳ್ಳೆಯದೇ. ಉತ್ತರ ಮಾತ್ರ ನಮ್ಮ ಬಂಡೆಯಲ್ಲಿದೆ.

ಅವರ ಕಾಲಡಿ ಇರುವುದು ನೀರು ತುಂಬಿಕೊಂಡ ಸುಣ್ಣಕಲ್ಲಿನ ಪದರ. ನಮ್ಮ ಕಾಲಡಿ ಇರುವುದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಕಗ್ಗಲ್ಲು. ಅದು ಎಂದೋ ತಣ್ಣಗಾಗಿದೆ. ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್ ದಾಟಿ ಇಳಿದಿತ್ತು, ಅಲ್ಲಿ ಬಂಡೆಯ ಬಿಸಿ 70 ಡಿಗ್ರಿಯ ಆಸುಪಾಸು. ಹೆಚ್ಚುಕಡಿಮೆ ಅದೇ ಆಳಕ್ಕೆ ಅವರಿಗೆ 122. ಇಷ್ಟರಲ್ಲಿ ಕರೆಂಟಿನ ಆಸೆ ಬಿಡಬೇಕು. ಮನೆ ಕಾಯಿಸುವುದಂತೂ, ಏಪ್ರಿಲ್‌ನಲ್ಲಿ ಕೊಪ್ಪಳದಲ್ಲಿ ಇದ್ದವರಿಗೆ ಹೇಳಬೇಕಿಲ್ಲ.

ಆದರೆ ಆ ಊರಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಸಿನೀರಲ್ಲ. ಕೊರೆಯುವ ಮೊದಲೇ ಅವರು ಬಾವಿಗೆ ವಿಮೆ ಮಾಡಿಸಿದ್ದರು! ಇಷ್ಟು ನೀರು, ಇಷ್ಟು ಬಿಸಿ ಬರದೇ ಹೋದರೆ ನಷ್ಟ ವಿಮಾ ಕಂಪನಿಯದು. ಕಂಪನಿ ಒಪ್ಪಿದ್ದು ಧೈರ್ಯದಿಂದಲ್ಲ, ಲೆಕ್ಕದಿಂದ. ಆ ಸೀಮೆಯಲ್ಲಿ ಹಿಂದೆ ಎಣ್ಣೆ, ಅನಿಲ ಹುಡುಕಿ ತೋಡಿದ ಬಾವಿಗಳ ದಾಖಲೆ ಇತ್ತು. ಯಾವ ಆಳದಲ್ಲಿ ಯಾವ ಕಲ್ಲು, ಎಲ್ಲಿ ನೀರು ಅನ್ನೋದು ಕಾಗದದ ಮೇಲಿತ್ತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕುಷ್ಟಗಿ ಕಡೆ ನಮ್ಮದು ನಾಲ್ಕೆಕರೆ ಒಣಭೂಮಿ. ಅಪ್ಪ ಮೂರು ಬೋರು ಹೊಡೆಸಿದ. ಮೊದಲನೆಯದರಲ್ಲಿ ಬರೀ ಧೂಳು. ಎರಡನೆಯದು ಒಂದು ಬೇಸಿಗೆ ನಡೆದು ನಿಂತಿತು. ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡಿದವನು ಮೂರನೆಯದಕ್ಕೆ "ಇಲ್ಲಿ ಎರಡಿಂಚು ಗ್ಯಾರಂಟಿ" ಅಂದ. ಅವ್ವನ ಬೋರಮಾಳ ಸರ ಹೋಯಿತು. ಆರುನೂರು ಅಡಿ ಇಳಿದ ಮೇಲೂ ಲಾರಿಯವನು "ಇನ್ನೈವತ್ತು ಹೊಡಸ್ರಿ ಗೌಡ್ರ" ಅನ್ನುತ್ತಲೇ ಇದ್ದ. ಅಡಿ ಲೆಕ್ಕದಲ್ಲಿ ರೊಕ್ಕ ಎಣಿಸುವವನು ಬೇರೇನು ಅಂದಾನು?

ಬೆಳೆಗೆ ವಿಮೆ ಇದೆ. ಗಂಗಾ ಕಲ್ಯಾಣದಲ್ಲಿ ಸಣ್ಣ ರೈತರಿಗೆ ಸರ್ಕಾರ ಬೋರು ಕೊರೆಸಿಕೊಡುತ್ತದೆ, ಅದೂ ಸರಿ. ಸಾಲ ಮಾಡಿ ತಾನೇ ಹೊಡೆಸಿದವನ ತೂತು ಒಣಗಿದರೆ ಅದು ಅವನೊಬ್ಬನ ಹಣೆಬರಹ ಯಾಕಾಗಬೇಕು? ಆ ತೂತು ಕಲಿಸಿದ್ದೂ ಅವನೊಂದಿಗೇ ಮಣ್ಣಾಗುತ್ತದೆ. ಪಕ್ಕದ ಹೊಲದವನು ಮರುವರ್ಷ ಅದೇ ಬಂಡೆಗೆ ಬಿಟ್ ಇಳಿಸುತ್ತಾನೆ.

ತಮ್ಮಾ, ನಗರಸಭೆಗೂ ಪಂಚಾಯ್ತಿಗಳಿಗೂ ನಾವು ಕೇಳಬೇಕಾದ್ದು ಇದು: ಹೊಡೆಸಿದ ಪ್ರತಿ ಬೋರಿನ ಆಳ, ಕಲ್ಲು, ನೀರು, ಫೇಲಾದದ್ದನ್ನೂ ಸೇರಿಸಿ ಬರೆದಿಡಿ, ಗೋಡೆಗೆ ಅಂಟಿಸಿ. ಆ ಲೆಕ್ಕ ಇದ್ದರೆ ವಿಮೆ ಕೊಡಲು ಯಾರಾದರೂ ಮುಂದೆ ಬಂದಾರು. ಕೊಡದಿದ್ದರೂ ಚಿಂತೆಯಿಲ್ಲ. ಕಾಗದ ನೋಡಿ "ಈ ಹೊಲಕ್ಕೆ ವಿಮೆ ಆಗಲ್ಲ ಯಜಮಾನ್ರ" ಅಂತ ಒಬ್ಬ ಅಂದಿದ್ದರೂ ಸಾಕಿತ್ತು, ಅಪ್ಪ ಮೂರನೆಯದನ್ನು ಹೊಡೆಸುತ್ತಿರಲಿಲ್ಲ.